ಊರಿನ ಮನೆಯ ಡಿಎಸ್‌ಎಲ್ ರೂಟರ್: ಹೊರಗಿನ ತಂತಿ ಬೇರೆ, ಒಳಗಿನ ನೆಟ್‌ವರ್ಕ್ ಬೇರೆ

ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ನಮ್ಮಲ್ಲಿ ಹೆಚ್ಚಿನವರಿಗೆ ಫೈಬರ್ ಬಂದು ವರ್ಷಗಳಾಯ್ತು. ಆದರೆ ಊರಿನಲ್ಲಿ ಅಪ್ಪ-ಅಮ್ಮನ ಮನೆಗೆ ಇನ್ನೂ ಲ್ಯಾಂಡ್‌ಲೈನಿನ ತಾಮ್ರದ ತಂತಿಯೇ ಇರುವವರೂ ಇದ್ದೀರಿ. ಹಬ್ಬಕ್ಕೆ ಹೋದಾಗ ಎರಡು ದಿನ ಹೆಚ್ಚಿಗೆ ಇದ್ದು ಅಲ್ಲಿಂದಲೇ ಕೆಲಸ ಮಾಡಬಹುದಾ ಇಲ್ವಾ ಅನ್ನೋದು ಆ ತಂತಿಯ ತುದಿಯಲ್ಲಿರೋ ಡಬ್ಬಿಯ ಮೇಲೆ ನಿಂತಿದೆ. ಇವತ್ತು ಅದನ್ನ ಜೋಡಿಸೋದು ನೋಡೋಣ.

ಆ ಒಂದು ಡಬ್ಬಿಯೊಳಗೆ ನಾಲ್ಕು ಕೆಲಸಗಾರರಿದ್ದಾರೆ: ಟೆಲಿಫೋನ್ ತಂತಿಯ ಜೊತೆ ಮಾತಾಡೋ ಮೋಡೆಮ್, ಮನೆಯನ್ನೂ ಹೊರಗನ್ನೂ ಬೆಸೆಯೋ ರೂಟರ್, ಲ್ಯಾನ್ ಪೋರ್ಟ್‌ಗಳ ಸ್ವಿಚ್, ಆಮೇಲೆ ವೈ-ಫೈ. ‘ನೆಟ್ ಇಲ್ಲ ಕಣೋ’ ಅಂತ ಅಪ್ಪ ಫೋನ್ ಮಾಡಿದಾಗ ಈ ನಾಲ್ವರಲ್ಲಿ ಯಾರು ಕೈಕೊಟ್ಟಿದ್ದಾರೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗೀತು.

ತಂತಿಯಿಂದ ಶುರು ಮಾಡಿ. ಒಂದೇ ತಂತಿಯಲ್ಲಿ ನಮ್ಮ ಮಾತು ಸುಮಾರು 4 ಕಿಲೋಹರ್ಟ್ಜ್ ಒಳಗೆ ಹೋಗುತ್ತೆ, ಎಡಿಎಸ್‌ಎಲ್ ಸಿಗ್ನಲ್ 25 ಕಿಲೋಹರ್ಟ್ಜ್‌ಗಿಂತ ಮೇಲೆ. ಇವೆರಡನ್ನೂ ಬೇರೆ ಮಾಡೋಕೆ ಸ್ಪ್ಲಿಟರ್ ಅನ್ನೋ ಪುಟ್ಟ ಡಬ್ಬಿ. ಗೋಡೆಯಿಂದ ಬರೋ ತಂತಿ ‘ಲೈನ್’ಗೆ, ಫೋನು ‘ಫೋನ್’ಗೆ, ರೂಟರ್ ‘ಮೋಡೆಮ್’ಗೆ. ಒಳಗಿನ ಕೋಣೆಯಲ್ಲಿ ಪ್ಯಾರಲಲ್ ಫೋನ್ ಇದ್ದು ಅದು ನೇರವಾಗಿ ಲೈನಿಗೆ ಸೇರಿದ್ದರೆ ಅದಕ್ಕೂ ಒಂದು ಫಿಲ್ಟರ್ ಬೇಕು. ಇದನ್ನ ಬಹಳ ಜನ ಮರೀತಾರೆ, ಆಮೇಲೆ ಫೋನ್ ಎತ್ತಿದಾಗಲೆಲ್ಲ ನೆಟ್ ಹೋಗುತ್ತೆ ಅಂತಾರೆ. ಮಳೆಗಾಲದಲ್ಲಿ ಫೋನಿನಲ್ಲಿ ಗರಗರ ಸದ್ದು ಬರ್ತಿದ್ರೆ ರೂಟರ್ ಮುಟ್ಟಲೇಬೇಡಿ. ಎಲ್ಲೋ ಜಾಯಿಂಟಿಗೆ ನೀರು ಹೋಗಿರುತ್ತೆ, ಅದು ಲೈನ್‌ಮ್ಯಾನ್ ಕೆಲಸ.

ಡಿಎಸ್‌ಎಲ್ ದೀಪ ಮಿನುಗೋದು ನಿಂತು ಸ್ಥಿರವಾಗಿ ಉರಿದರೆ ಮೋಡೆಮ್ ಎಕ್ಸ್‌ಚೇಂಜನ್ನು ತಲುಪಿದೆ. ಅದು ಸರಿ ಇದ್ದೂ ಇಂಟರ್‌ನೆಟ್ ದೀಪ ಕೆಂಪಾಗಿದ್ದರೆ ಹೆಚ್ಚಾಗಿ ಲಾಗಿನ್ ತೊಂದರೆ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲಿನಲ್ಲಿ ಸೇರಿಸಿ, ಬ್ರೌಸರಿನಲ್ಲಿ 192.168.1.1 ಹೊಡೆಯಿರಿ. ಬೇರೆ ವಿಳಾಸವಾದರೆ ರೂಟರಿನ ಅಡಿಯ ಚೀಟಿಯಲ್ಲಿರುತ್ತೆ. ಬಿಎಸ್‌ಎನ್‌ಎಲ್ ಎಡಿಎಸ್‌ಎಲ್ ಆದರೆ ವಿಪಿಐ 0, ವಿಸಿಐ 35, ಪಿಪಿಪಿಒಇ, ಕೆಳಗೆ ನಿಮ್ಮ ಯೂಸರ್‌ನೇಮ್, ಪಾಸ್‌ವರ್ಡ್. ಅಲ್ಲೇ ಇರುವಾಗ ಅಡ್ಮಿನ್ ಪಾಸ್‌ವರ್ಡನ್ನೂ ಬದಲಿಸಿ. ಅಡ್ಮಿನ್-ಅಡ್ಮಿನ್ ಅಂತ ಬಿಟ್ಟರೆ ವೈ-ಫೈ ಪಾಸ್‌ವರ್ಡ್ ಗೊತ್ತಿರೋ ಪಕ್ಕದ ಮನೆ ಹುಡುಗ ಏನು ಬೇಕಾದ್ರೂ ಮಾಡಬಹುದು.

ಈಗ ನಿಜವಾದ ತಲೆನೋವು. ಹಳೇ ಮನೆಗಳ ಗೋಡೆ ದಪ್ಪ, ಮಹಡಿಗೆ ವೈ-ಫೈ ಹತ್ತಲ್ಲ. ನಾವು ಇಲ್ಲಿಂದ ಇನ್ನೊಂದು ರೂಟರ್ ತಗೊಂಡು ಹೋಗಿ ಅದರ ವ್ಯಾನ್ ಪೋರ್ಟಿಗೆ ಕೇಬಲ್ ಚುಚ್ಚಿದರೆ ನೆಟ್ ಬರುತ್ತೆ ನಿಜ, ಆದರೆ ಮಹಡಿ ಬೇರೆಯೇ ಒಂದು ನೆಟ್‌ವರ್ಕ್ ಆಗಿಬಿಡುತ್ತೆ. ಕೆಳಗಿನವರಿಗೆ ಮೇಲಿನ ಲ್ಯಾಪ್‌ಟಾಪ್ ಕಾಣಲ್ಲ, ಮೇಲಿನವರ ಪಟ್ಟಿಯಲ್ಲಿ ಕೆಳಗಿನ ಪ್ರಿಂಟರ್ ಬರಲ್ಲ. ಹಾಗಂತ ಸುಮ್ಮನೆ ಲ್ಯಾನ್‌ಗೆ ಚುಚ್ಚಿದರೆ ಇನ್ನೂ ಕಷ್ಟ: ಎರಡು ಡಿಎಚ್‌ಸಿಪಿಗಳು ಒಂದೇ ಮನೆಯಲ್ಲಿ ವಿಳಾಸ ಹಂಚೋಕೆ ನಿಲ್ಲುತ್ತವೆ. ಒಂದು ಫೋನಿಗೆ ನೆಟ್ ಬರುತ್ತೆ, ಇನ್ನೊಂದಕ್ಕೆ ಬರಲ್ಲ, ನಾಳೆ ಉಲ್ಟಾ.

ಸರಿಯಾದ ಕ್ರಮ ಇದು. ಎರಡನೇ ರೂಟರನ್ನು ಲ್ಯಾಪ್‌ಟಾಪಿಗೆ ಮಾತ್ರ ಸೇರಿಸಿ, ಅದರ ಲ್ಯಾನ್ ವಿಳಾಸ 192.168.1.2 ಮಾಡಿ. ಪುಟ ಕಳಚಿಕೊಳ್ಳುತ್ತೆ, ಹೊಸ ವಿಳಾಸದಲ್ಲಿ ಮತ್ತೆ ಹೋಗಿ ಡಿಎಚ್‌ಸಿಪಿ ಆಫ್ ಮಾಡಿ. ಆಮೇಲೆ ಲ್ಯಾನಿಂದ ಲ್ಯಾನಿಗೆ ಕೇಬಲ್. ವ್ಯಾನ್ ಪೋರ್ಟ್ ಖಾಲಿ ಇರಲಿ. ಮೊದಲ ರೂಟರಿನಲ್ಲಿ ಡಿಎಚ್‌ಸಿಪಿ 192.168.1.100ರಿಂದ 200ರವರೆಗೆ ಹಂಚಲಿ, ಪ್ರಿಂಟರಿಗೆ 192.168.1.50 ಖಾಯಂ ಕೊಡಿ. ಈಗ ಟೆಲಿಫೋನ್ ತಂತಿ ಕಿತ್ತು ನೋಡಿ: ನೆಟ್ ಇರಲ್ಲ, ಪ್ರಿಂಟ್ ಬರುತ್ತೆ. ಒಳಗಿನ ನೆಟ್‌ವರ್ಕ್ ಗಟ್ಟಿಯಾಗಿದೆ ಅಂತ ಅರ್ಥ.

ಇಷ್ಟೆಲ್ಲ ಮಾಡಿದರೂ ವಿಡಿಯೋ ಕಾಲ್ ಒದ್ದಾಡಬಹುದು. ಎಡಿಎಸ್‌ಎಲ್‌ನ ‘ಎ’ ಅಂದ್ರೆ ಅಸಿಮೆಟ್ರಿಕ್. ಎಡಿಎಸ್‌ಎಲ್2+ನಲ್ಲಿ ಇಳಿಯೋದು ಹೆಚ್ಚೆಂದರೆ 24 ಎಂಬಿಪಿಎಸ್, ಏರೋದು ಸಾಮಾನ್ಯವಾಗಿ 1ರ ಆಸುಪಾಸು. ಎಕ್ಸ್‌ಚೇಂಜಿನಿಂದ ದೂರ ಹೋದ ಹಾಗೆ ಅದೂ ಇಲ್ಲ. ತಂಗಿಯ ಫೋನು ಮದುವೆ ಫೋಟೋಗಳನ್ನ ಬ್ಯಾಕಪ್ ಮಾಡ್ತಿದ್ದರೆ ನಿಮ್ಮ ಸ್ಟ್ಯಾಂಡಪ್ ಮೀಟಿಂಗ್ ಮುಗೀತು. ಎಷ್ಟು ದುಬಾರಿ ರೂಟರ್ ತಂದರೂ ಇದು ಸರಿಹೋಗಲ್ಲ. ಬ್ಯಾಕಪ್ಪನ್ನ ರಾತ್ರಿಗೆ ಹಾಕಿಸಿ.

ವಾಪಸ್ ಹೊರಡೋ ಮುಂಚೆ ರೂಟರಿನ ಸೆಟ್ಟಿಂಗ್ಸ್ ಬ್ಯಾಕಪ್ ಫೈಲ್ ಇಳಿಸಿಕೊಳ್ಳಿ, ಯೂಸರ್‌ನೇಮನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಯ ಅಡಿಗೆ ಅಂಟಿಸಿ. ಹಿಂದಿರೋ ಸಣ್ಣ ತೂತಿಗೆ ಪಿನ್ ಹಾಕಿ ಒತ್ತಿದರೆ ಇದೆಲ್ಲ ಅಳಿಸಿ ಹೋಗುತ್ತೆ. ಆಫ್ ಮಾಡೋದಿದ್ರೆ ಗೋಡೆಯ ಸ್ವಿಚ್ಚಿನಲ್ಲೇ ಮಾಡಿ ಅಂತ ಅಪ್ಪನಿಗೂ ಅಮ್ಮನಿಗೂ ತೋರಿಸಿ ಬನ್ನಿ.