ಚೆಕ್ಕಿನ ಮೂರು ತಿಂಗಳು ಯಾರಿಗೂ ಕಾಯೋದಿಲ್ಲ

(ರೈತರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ)



ಬೆಲೆಯ ಬಗ್ಗೆ, ಸಾಲದ ಬಗ್ಗೆ ನನಗಿಂತ ಮೊದಲು ಮಾತಾಡಿದವರು ಹೇಳಿದ್ದಾರೆ. ಬೆಳೆ ಮಾರಿದ ಮೇಲೆ ನಮ್ಮ ಕೈಗೆ ಬರುವ ಒಂದು ಕಾಗದದ ಬಗ್ಗೆ ಮಾತ್ರ ನಾನು ಹೇಳ್ತೀನಿ. ಅದು ಚೆಕ್ಕು.

2020ರ ಫೆಬ್ರವರಿಯಲ್ಲಿ ಮೆಕ್ಕೆಜೋಳ ಮಾರಿದೆ. ವ್ಯಾಪಾರಿ ಚೆಕ್ಕು ಕೊಟ್ಟು, "ಯಜಮಾನ್ರೇ, ಒಂದು ತಿಂಗಳು ತಡೆದು ಹಾಕಿ" ಅಂದ. ದಾಕ್ಷಿಣ್ಯಕ್ಕೆ ಒಪ್ಪಿದೆ. ಮಾರ್ಚ್ 25ಕ್ಕೆ ದೇಶವೇ ಬಂದ್ ಆಯ್ತು. ಬ್ಯಾಂಕು ತೆರೆದಿತ್ತು, ಆದರೆ ತಾಲ್ಲೂಕಿಗೆ ಬಸ್ಸಿಲ್ಲ. ಊರ ಬಾಗಿಲಿಗೆ ಮುಳ್ಳುಬೇಲಿ. ಜೂನ್‌ನಲ್ಲಿ ಹೋದರೆ ಗುಮಾಸ್ತರು ತಾರೀಕು ನೋಡಿ, "ಅವಧಿ ಮುಗಿದಿದೆ" ಅಂತ ವಾಪಸ್ ಕೊಟ್ಟರು. "ಸ್ವಾಮಿ, ತಪ್ಪು ನನ್ನದಲ್ಲ, ರೋಗದ್ದು" ಅಂದೆ. ಯಾರು ಕೇಳ್ತಾರೆ?

ಆಮೇಲೆ ವಕೀಲರ ಹತ್ತಿರ ಕೂತು ತಿಳ್ಕೊಂಡೆ. ಮೊದಲು ಚೆಕ್ಕಿಗೆ ಆರು ತಿಂಗಳ ಆಯುಸ್ಸಿತ್ತು. 2012ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕು ಅದನ್ನು ಮೂರು ತಿಂಗಳಿಗೆ ಇಳಿಸಿತು. ಲೆಕ್ಕ ಚೆಕ್ಕಿನ ಮೇಲೆ ಬರೆದ ತಾರೀಕಿನಿಂದ, ನಮ್ಮ ಕೈಗೆ ಬಂದ ದಿನದಿಂದಲ್ಲ.

ಚೆಕ್ಕು ಬೌನ್ಸ್ ಆದರೆ ಬೇರೆ ಗಡುವು. ಬ್ಯಾಂಕು ತಿಳಿಸಿದ 30 ದಿನದೊಳಗೆ ಲಿಖಿತ ನೋಟೀಸು ಕೊಡಬೇಕು. ನೋಟೀಸು ತಲುಪಿದ ಮೇಲೆ ಹಣ ಕೊಡೋಕೆ ಅವನಿಗೆ 15 ದಿನ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ನಾವು ಕೋರ್ಟಿಗೆ ಹೋಗಬೇಕು. ತಕ್ಕ ಕಾರಣ ತೋರಿಸಿದರೆ ಈ ಕೊನೆಯ ತಡವನ್ನು ಕೋರ್ಟು ಮನ್ನಿಸಬಹುದು.

ಕೊರೋನಾ ಕಾಲದಲ್ಲಿ ಸುಪ್ರೀಂ ಕೋರ್ಟು ನೋಟೀಸಿನ, ದೂರಿನ ಗಡುವುಗಳಿಗೆ ವಿನಾಯಿತಿ ಕೊಟ್ಟಿತು. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ಹೇಳಿತು. ಆದರೆ ಚೆಕ್ಕಿನ ಆಯುಸ್ಸು ಹೆಚ್ಚಿಸಿ ಅಂತ ಕೇಳಿದಾಗ, 2020ರ ಜುಲೈ 10ರಂದು, ಅದು ರಿಸರ್ವ್ ಬ್ಯಾಂಕು ಇಟ್ಟ ಅವಧಿ, ನಾವು ಕೈಹಾಕೋದಿಲ್ಲ ಅಂದುಬಿಟ್ಟಿತು. ಅಂದರೆ ಕೋರ್ಟಿನ ಗಡಿಯಾರ ನಿಂತಿತ್ತು, ಚೆಕ್ಕಿನ ಗಡಿಯಾರ ಓಡ್ತಾನೇ ಇತ್ತು. ನಮ್ಮ ಸಾಲದ ಬಡ್ಡಿಯ ಹಾಗೆ!

1881ರ ಕಾಯ್ದೆಯಲ್ಲಿ 75-ಎ ಅಂತ ಒಂದು ಕಲಮಿದೆ. ಚೆಕ್ಕು ಹಿಡಿದವನ ತಪ್ಪಿಲ್ಲದೆ, ಅವನ ಕೈಮೀರಿದ ಕಾರಣದಿಂದ ತಡವಾದರೆ ಆ ತಡಕ್ಕೆ ಮಾಫಿ ಉಂಟು; ಅಡ್ಡಿ ತೀರಿದ ಮೇಲೆ ಹೆಚ್ಚು ಕಾಯದೆ ಹಾಜರು ಮಾಡಬೇಕು. ಪ್ರವಾಹ ಬಂದು ಮನೆಬಿಟ್ಟವನಿಗೆ ಇದು ವಾದಕ್ಕೆ ಆಸರೆ. ಹಾಗಂತ ಅವಧಿ ಮುಗಿದ ಚೆಕ್ಕಿಗೆ ಬ್ಯಾಂಕಿನವರು ಹಣ ಎಣಿಸಿ ಕೊಡೋದಿಲ್ಲ. ಬೌನ್ಸ್ ಕೇಸೂ ಅದರ ಮೇಲೆ ನಿಲ್ಲೋದಿಲ್ಲ.

ಆದರೆ ಒಂದು ಮಾತು ನೆನಪಿಡಿ: ಚೆಕ್ಕು ಸತ್ತರೆ ಬಾಕಿ ಸಾಯೋದಿಲ್ಲ. ಹೊಸ ಚೆಕ್ಕು ಕೇಳಿ. ಕೊಡದಿದ್ದರೆ, ಮಾಲಿನ ಬಾಕಿಗೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ಸಿವಿಲ್ ದಾವೆ ಹಾಕಬಹುದು. ಅದಕ್ಕೇ ತೂಕದ ಚೀಟಿ, ಪಟ್ಟಿ, ಹಳೇ ಚೆಕ್ಕು ಯಾವುದನ್ನೂ ಹರಿದು ಹಾಕಬೇಡಿ. ನಾನು ಎಂಟು ತಿಂಗಳು ಅಲೆದು ಹೊಸ ಚೆಕ್ಕು ಪಡೆದದ್ದು ತೂಕದ ಚೀಟಿಯ ಬಲದಿಂದ. ಅಷ್ಟರಲ್ಲಿ ಗೊಬ್ಬರದ ಅಂಗಡಿಯವರಿಗೆ ಬಡ್ಡಿ ಕಟ್ಟಿದ್ದು ಮಾತ್ರ ನನ್ನ ಜೇಬಿನಿಂದ.

ಆ ರೋಗ ಹೋಯ್ತು. ನಾಳೆ ಹೊಳೆ ಬರಬಹುದು. "ತಡೆದು ಹಾಕಿ" ಅನ್ನುವವನಿಗೆ, "ಹಾಗಾದರೆ ಮುಂದಿನ ತಾರೀಕು ಬರೆದು ಕೊಡಪ್ಪ" ಅನ್ನಿ. ಇವತ್ತು ಮನೆಗೆ ಹೋದ ಕೂಡಲೇ ಪೆಟ್ಟಿಗೆ ತೆಗೆದು, ಚೆಕ್ಕಿದ್ದರೆ ತಾರೀಕು ನೋಡಿ. ನಾಳೆ ಬೆಳಿಗ್ಗೆ ಬ್ಯಾಂಕಿಗೆ ಹಾಕಿ.