ಬೆಂಚು ಬಿಟ್ಟವರಿಗೆ ನಾಲ್ಕು ಮಾತು

(ಹತ್ತನೆಯ ತರಗತಿ ಮುಗಿಸಿದ ವಿದ್ಯಾರ್ಥಿಗಳ ಬೀಳ್ಕೊಡುಗೆಯ ಸಂಜೆ ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣ)

ಮಾನ್ಯ ಅಧ್ಯಕ್ಷರೆ, ಗುರುಹಿರಿಯರೆ, ಕೆಲಸ ಮುಗಿಸಿ ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದಿರುವ ತಂದೆತಾಯಿಗಳೆ, ಹಾಗೂ ಇಂದಿನಿಂದ ಯಾರಿಗೂ ಹಾಜರಿ ಕೂಗಬೇಕಾಗಿಲ್ಲದ ವಿದ್ಯಾರ್ಥಿ ಮಿತ್ರರೆ,

ಬೀಳ್ಕೊಡುಗೆಯ ಭಾಷಣಕ್ಕೆ ಒಂದು ಹಳೆಯ ಪದ್ಧತಿಯಿದೆ. ಭಾಷಣಕಾರ ಮೊದಲು ತನಗೆ ಮಾತನಾಡಲು ಬರುವುದಿಲ್ಲವೆನ್ನುತ್ತಾನೆ. ಆಮೇಲೆ ಒಂದು ತಾಸು ಅದನ್ನು ಸಾಧಿಸಿ ತೋರಿಸುತ್ತಾನೆ. ನಡುವೆ ಮಕ್ಕಳನ್ನು ಮೊಗ್ಗು, ದೀಪ, ನಾಳಿನ ಪ್ರಜೆ ಎಂದೆಲ್ಲ ಕರೆಯುತ್ತಾನೆ. ಈ ಮಕ್ಕಳು ದಿನಾ ಸಂಜೆ ಇದೇ ಕೊಠಡಿಯಲ್ಲಿ ಓದುವ ನೆಪದಲ್ಲಿ ಕೂತು ಮಾಡಿದ ಗದ್ದಲವನ್ನು ಕಿವಿಯಾರೆ ಕೇಳಿದವನು ನಾನು. ದೀಪ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ದೀಪ ಸದ್ದು ಮಾಡುವುದಿಲ್ಲ.

ಈಗ ತಾನೆ ಅವರು ನಡೆಸಿದ 'ಫಿಷ್‌ಪಾಂಡ್' ನೀವೆಲ್ಲ ನೋಡಿದಿರಿ. ತಿಳಿಯದವರಿಗಾಗಿ ಹೇಳುತ್ತೇನೆ: ಒಬ್ಬರ ಮೇಲೊಬ್ಬರು ಹೆಸರು ಹಾಕದೆ ಚೀಟಿ ಬರೆದು ಡಬ್ಬಿಗೆ ಹಾಕುವುದು, ಕೊನೆಯ ದಿನ ಎಲ್ಲರೆದುರು ತೆಗೆದು ಓದುವುದು. ವರ್ಷವಿಡೀ ಮುಖದೆದುರು ಹೇಳಲಾಗದ ಮಾತಿಗೆ ಇದೊಂದು ದಿನ ಮಾಫಿ. ಒಬ್ಬ ಹುಡುಗನಿಗೆ 'ಪರಸೋಂ' ಎಂಬ ಬಿರುದು ಬಂತು. ಹೈದರಾಬಾದಿನಲ್ಲಿ 'ಪರಸೋಂ' ಎಂದರೆ ಮೊನ್ನೆಯಿಂದ ಹಿಡಿದು ಅಜ್ಜನ ಮದುವೆಯವರೆಗಿನ ಯಾವ ದಿನವಾದರೂ ಆಗಬಹುದಷ್ಟೆ. ಗಣಿತದ ಲೆಕ್ಕ ಯಾವಾಗ ಮಾಡಿದೆಯೆಂದು ಮಾಸ್ತರರು ಯಾವಾಗ ಕೇಳಿದರೂ ಅವನ ಉತ್ತರ ಅದೊಂದೇ. ಒಬ್ಬಳಿಗೆ 'ಉಸ್ಮಾನಿಯಾ ಬಿಸ್ಕೀಟು' ಎಂದಿದ್ದಾರೆ: ಮಾಸ್ತರರ ಕಡೆಗೆ ಸಿಹಿ, ಗೆಳತಿಯರ ಕಡೆಗೆ ಉಪ್ಪು. ನನ್ನ ಹೆಸರಿನಲ್ಲೂ ಒಂದು ಚೀಟಿ ಇತ್ತು: 'ಸದ್ದು ಮಾಡಬೇಡಿ ಎಂದು ಎಲ್ಲರಿಗಿಂತ ಹೆಚ್ಚು ಸದ್ದು ಮಾಡುವವರು'. ಅಕ್ಷರ ನೋಡಿ ಯಾರೆಂದು ಗುರುತು ಹಿಡಿದಿದ್ದೇನೆ. ಹೇಳುವುದಿಲ್ಲ.

ಚೀಟಿ ಬರೆದದ್ದು ಕನ್ನಡದಲ್ಲಿ, ನಗು ಬಂದದ್ದು ದಖನಿಯಲ್ಲಿ ಎಂಬುದನ್ನು ನೀವು ಗಮನಿಸಿರಬಹುದು. ಅದರಲ್ಲಿ ತಪ್ಪೇನಿಲ್ಲ. ಶಾಲೆಯ ಮಾತುಗಳನ್ನೇ ತೆಗೆದುಕೊಳ್ಳಿ. ಪಾಠ, ಪರೀಕ್ಷೆ, ಶಿಕ್ಷೆ ಇವು ಸಂಸ್ಕೃತದಿಂದ ಬಂದವು. ಗಂಭೀರವಾದುವು, ಎದುರಿಗೆ ಬಂದರೆ ಕೈಮುಗಿಯಬೇಕು. ಹಾಜರಿ, ರಜೆ, ನಕಲು, ಶಿಫಾರಸು ಇವು ಅರಬ್ಬಿ-ಪಾರಸಿಯವು. ಇವಿಲ್ಲದೆ ಯಾವ ಶಾಲೆಯೂ ಒಂದು ದಿನ ನಡೆಯದು. ಬೆಂಚು, ಬೋರ್ಡು, ಫೀಸು, ಫೇಲು ಇವು ಇಂಗ್ಲಿಷಿನವರ ಕೊಡುಗೆ. ಹಾಗಾದರೆ ಅಚ್ಚಗನ್ನಡದ ಪಾಲಿಗೆ ಏನುಳಿಯಿತು? ಓದು, ಬರೆ, ಬೈಗುಳ, ಏಟು, ಹಸಿವು. ಅದರಲ್ಲೂ 'ಬರೆ' ಎಂದರೆ ಬರೆಯುವುದೂ ಹೌದು, ಕಾಸಿದ ಕಬ್ಬಿಣದಿಂದ ಮೈಮೇಲೆ ಎಳೆಯುವುದೂ ಹೌದು. ನಮ್ಮ ಹಿರಿಯರು ಎರಡಕ್ಕೂ ಒಂದೇ ಮಾತು ಇಟ್ಟದ್ದು ಕಾಪಿ ತಿದ್ದುವ ಪುಸ್ತಕ ನೋಡಿದ ಮೇಲೆಯೇ ಇರಬೇಕು.

ಇನ್ನು ತೆಲುಗಿನ ವಿಷಯ. 2018ರ ಕಾನೂನಿನಿಂದ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಲಿಯುವುದು ಕಡ್ಡಾಯ. ಇದ್ದ ಊರಿನ ಭಾಷೆ ಕಲಿಯಬೇಕಾದದ್ದೇ. ನಮ್ಮ ಮಕ್ಕಳು ಅದನ್ನು ಬೀದಿಯಲ್ಲಿ ಆಗಲೇ ಕಲಿತಿದ್ದರು. ಪೇಚಾಟ ಬಂದದ್ದು ಅಕ್ಷರದಲ್ಲಿ. ಎರಡು ಲಿಪಿಗಳೂ ಒಂದೇ ತಾಯಿಯ ಮಕ್ಕಳು, ಕೆಲವು ಶತಮಾನಗಳ ಹಿಂದೆ ಬೇರೆ ಮನೆ ಮಾಡಿದವು. ನಮ್ಮ ತಲೆಕಟ್ಟು ಅಡ್ಡಗೆರೆ. ಅವರದು ಮಾಸ್ತರರು ಹಾಕುವ 'ರೈಟ್' ಗುರುತಿನಂತೆ ಓರೆ. ಒಬ್ಬ ಹುಡುಗ ತನ್ನ ತೆಲುಗು ಉತ್ತರಪತ್ರಿಕೆ ಹಿಡಿದುಕೊಂಡು, 'ಇಷ್ಟೊಂದು ರೈಟ್ ಬಿದ್ದಾವ, ಅಂಕ ಮಾತ್ರ ಹನ್ನೆರಡಂತ' ಎಂದು ಇಲ್ಲಿಯೇ ಕೂತು ವಾದ ಹೂಡಿದ್ದ. ಅಂಕಿಗಳಲ್ಲೂ ಹಾಗೆಯೇ. ಕನ್ನಡದ 'ಏಳು' ಎಂದರೆ 7; ಎದ್ದು ನಿಲ್ಲು ಎಂತಲೂ ಅರ್ಥ. ತೆಲುಗಿನ 'ಏಡು' ಎಂದರೆ 7. ವರ್ಷ ಎಂತಲೂ ಆಗುತ್ತದೆ, ಅಳು ಎಂತಲೂ ಆಗುತ್ತದೆ. ಏಳನೆಯ ಪ್ರಶ್ನೆ ಬಂದಾಗ ನಮ್ಮ ಹುಡುಗರು ಎದ್ದು ನಿಲ್ಲಬೇಕೋ, ವರ್ಷವಿಡೀ ಕೂತು ಅಳಬೇಕೋ ತಿಳಿಯದೆ ಎಂಟನೆಯದಕ್ಕೆ ಹಾರಿದರೆ ಅವರದೇನು ತಪ್ಪು?

ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫಲಿತಾಂಶ ಬರುವುದಿದೆ, ಸುಮ್ಮನೆ ಯಾರ ಹೊಟ್ಟೆ ಏಕೆ ಕಲಕಬೇಕು. ಇಷ್ಟು ಮಾತ್ರ: ನಿಮ್ಮ ಅಣ್ಣಂದಿರು 11 ಪೇಪರು ಬರೆದರು. 2020 ಮತ್ತು 2021ರವರು ಕರೋನಾದ ದೆಸೆಯಿಂದ ಪರೀಕ್ಷೆ ರದ್ದಾಗಿ ಮನೆಯಲ್ಲಿ ಕೂತೇ ಪಾಸಾದರು. 2022ರಿಂದ ಪೇಪರುಗಳು ಆರಕ್ಕೆ ಇಳಿದವು. 11 ಬರೆದವರು ಆರು ಬರೆದವರನ್ನು ನೋಡಿ ನಗುತ್ತಾರೆ. ಆರು ಬರೆದವರು ಮನೆಯಲ್ಲಿ ಕೂತವರನ್ನು ನೋಡಿ ನಗುತ್ತಾರೆ. ಮನೆಯಲ್ಲಿ ಕೂತವರು ಈಗ ನೌಕರಿ ಹುಡುಕುತ್ತಿದ್ದಾರೆ, ಅವರಿಗೆ ನಗಲು ಪುರಸೊತ್ತಿಲ್ಲ.

ಈ ಊರಿನಲ್ಲಿ ಕನ್ನಡದ ತರಗತಿಯೊಂದು ಇರುವುದೇ ಎಷ್ಟು ಕಷ್ಟದ ಮಾತಾಗಿತ್ತೆಂಬುದನ್ನು ಹಿರಿಯರು ಬಲ್ಲರು, ನೀವು ಅರಿಯಿರಿ. ನಿಜಾಮರ ಕಾಲದಲ್ಲಿ ಮೇಲಿನ ಓದು ಬಹುಮಟ್ಟಿಗೆ ಉರ್ದುವಿನಲ್ಲಿ. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆ ಉರ್ದುವಿನಲ್ಲಿಯೇ ನಡೆಯಿತು. ನಮ್ಮ ನಾಡಭಾಷೆಯೊಂದನ್ನು ಬೋಧನೆಗೆ ಬಳಸಬಹುದೆಂದು ಅದು ತೋರಿಸಿಕೊಟ್ಟಿತೆಂಬುದನ್ನು ಮರೆಯಬಾರದು. ಆದರೆ ರಾಯಚೂರಿನಿಂದ ಬಂದ ಹುಡುಗನಿಗೆ ಅದು ತಾಯಿಯ ಭಾಷೆಯಾಗಿರಲಿಲ್ಲ. ಅಂಥ ದಿನಗಳಲ್ಲಿ ಇಲ್ಲಿಯ ಕನ್ನಡಿಗರು ತಮ್ಮ ಕೈಯ ದುಡ್ಡು ಹಾಕಿ ಶಾಲೆ ಕಟ್ಟಿದರು, ಸಂಘ ಕಟ್ಟಿದರು. ಕಾಚಿಗೂಡದ ಶಾಲೆಗೆ ನೃಪತುಂಗನ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಒಂಬತ್ತನೆಯ ಶತಮಾನದಲ್ಲಿ ಅವನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಕನ್ನಡನಾಡಿನ ಬಡಗಣ ಗಡಿಯನ್ನು ಗೋದಾವರಿಯಲ್ಲಿ ಇಡುತ್ತದೆ. ಮೂಸಿ ಇರುವುದು ಗೋದಾವರಿಗೆ ತೆಂಕಣದಲ್ಲಿ. ಆ ಲೆಕ್ಕದಲ್ಲಿ ನಾವು ಇಲ್ಲಿಗೆ ವಲಸೆ ಬಂದವರೇ ಅಲ್ಲ! ಆದರೆ ಈ ವಾದವನ್ನು ಮೆಟ್ರೋದಲ್ಲಿ ಸೀಟಿಗಾಗಿ ಯಾರೂ ಹೂಡಬೇಡಿ. ಅವನ ರಾಜಧಾನಿ ಮಾನ್ಯಖೇಟ ಈಗಿನ ಮಳಖೇಡ. ಸಿಕಂದರಾಬಾದಿನಿಂದ ವಾಡಿಗೆ 1874ರಲ್ಲಿ ಹಾಕಿದ ರೈಲುದಾರಿಯಲ್ಲಿ, ತಾಂಡೂರು, ಸೇಡಂ ದಾಟಿದ ಮೇಲೆ, 'ಮಳಖೇಡ ರೋಡ್' ಎಂಬ ಫಲಕ ಕಾಣುತ್ತದೆ. ಎಷ್ಟೋ ಗಾಡಿಗಳು ಅಲ್ಲಿ ನಿಲ್ಲದೆ ಹೋಗುತ್ತವೆ. ರಜೆಗೆ ಊರಿಗೆ ಹೋಗುವಾಗ ಕಿಟಕಿಯಿಂದ ನೋಡಿ.

ಆಮೇಲೆ 1956ರ ನವೆಂಬರ್ 1 ಬಂತು. ಹೈದರಾಬಾದ್ ಸಂಸ್ಥಾನ ಮೂರು ಪಾಲಾಯಿತು. ಗುಲ್ಬರ್ಗಾ, ರಾಯಚೂರು, ಬೀದರ ಮೈಸೂರು ರಾಜ್ಯಕ್ಕೆ ಹೋದವು. ಮರಾಠವಾಡಾ ಮುಂಬಯಿಗೆ ಹೋಯಿತು. ತೆಲಂಗಾಣ ಆಂಧ್ರದೊಡನೆ ಸೇರಿತು. ಸರಕಾರಿ ನೌಕರರನ್ನೂ ಕಡತಗಳಂತೆಯೇ ಹಂಚಿದರು. ಅಪ್ಪನ ಕುರ್ಚಿ ಎಲ್ಲಿಗೆ ಹೋಯಿತೋ ಮಗನ ಬೆಂಚೂ ಅಲ್ಲಿಗೆ. ಆ ವರ್ಷದ ಕನ್ನಡ ತರಗತಿಗಳಲ್ಲಿ ಬೀಳ್ಕೊಡುಗೆಗೆ ಮಾರ್ಚಿಯವರೆಗೆ ಕಾಯಬೇಕಾಗಿರಲಿಲ್ಲ. ಒಂದು ವಾರ ಒಬ್ಬ, ಇನ್ನೊಂದು ವಾರ ಇಬ್ಬರು, ಟ್ರಂಕು ಕಟ್ಟಿಕೊಂಡು ಹೊರಟರು. ಕೆಲವು ಊರುಗಳು ಇದ್ದಲ್ಲೇ ಇದ್ದು ಜಿಲ್ಲೆ ಬದಲಾಯಿಸಿದವು: ಗುಲ್ಬರ್ಗಾದ ತಾಂಡೂರು, ಕೊಡಂಗಲ್ಲು, ರಾಯಚೂರಿನ ಗದ್ವಾಲ, ಆಲಂಪುರ, ಬೀದರದ ಜಹೀರಾಬಾದು, ನಾರಾಯಣಖೇಡ ಎಲ್ಲ ಈ ಕಡೆಗೇ ಉಳಿದವು. ಅಷ್ಟು ಜನ ಎದ್ದು ಹೋದ ಮೇಲೂ ಇಲ್ಲಿ ಕನ್ನಡದ ಹಾಜರಿ ಪಟ್ಟಿ ಮುಚ್ಚಲಿಲ್ಲ. ಗುಮಾಸ್ತರ ಮಕ್ಕಳು ಬಿಟ್ಟುಹೋದ ಬೆಂಚುಗಳಲ್ಲಿ ಗೌಂಡಿಗಳ ಮಕ್ಕಳು, ಹೋಟೆಲಿನವರ ಮಕ್ಕಳು ಬಂದು ಕೂತರು. ಇಂದು ಎದುರಿಗೆ ಕೂತಿರುವವರಲ್ಲಿ ಹೆಚ್ಚಿನವರು ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳೇ.

ಈಗ ತಂದೆತಾಯಿಗಳು ನನ್ನನ್ನು ಪದೇ ಪದೇ ಕೇಳಿದ ಪ್ರಶ್ನೆಗೆ ಬರುತ್ತೇನೆ. 'ಕನ್ನಡದಾಗ ಹತ್ತನೇತ್ತ ಓದಿಸಿದ್ವಿ ಸಾಹೇಬ್ರ, ಇದರಿಂದ ಏನು ಬಂತು?' ಇದು ನ್ಯಾಯವಾದ ಪ್ರಶ್ನೆ. ಸಭೆಯಲ್ಲಿ ಕೈಚಪ್ಪಾಳೆ ಬೀಳುವಂಥ ಉತ್ತರ ಕೊಡಬಹುದು, ಆದರೆ ಅದನ್ನು ಮನೆಗೆ ಒಯ್ದು ಒಲೆಯ ಮೇಲೆ ಇಡಲಾಗದು. ಆದ್ದರಿಂದ ಈ ಕೊಠಡಿಯಲ್ಲಿ ನಡೆದದ್ದೊಂದನ್ನು ಹೇಳುತ್ತೇನೆ.

ಕಳೆದ ವರ್ಷ ಒಂದು ಭಾನುವಾರ ಯಾದಗಿರಿ ಕಡೆಯ ಒಬ್ಬ ಗೌಂಡಿ ಇಲ್ಲಿಗೆ ಬಂದ. ಕೈಯಲ್ಲಿ ಮೊಬೈಲು, ಅದರಲ್ಲಿ ಹೊಲದ ಪಹಣಿ. ಊರಿನಿಂದ ಯಾರೋ ಕಳಿಸಿದ್ದರು. ತೆಲಂಗಾಣದಲ್ಲೂ ಈ ಕಾಗದವನ್ನು ಪಹಣಿಯೆಂದೇ ಕರೆದು ರೂಢಿ, ಆದರೆ ಹೆಸರು ಒಂದಾದ ಮಾತ್ರಕ್ಕೆ ಇಲ್ಲಿಯವರು ಕನ್ನಡದ ಪಹಣಿ ಓದಬಲ್ಲರೇ? ಅವನು ಎರಡು ಕಡೆ ತೋರಿಸಿ ಬಂದಿದ್ದ. ನಾನು ಆಗ ಪತ್ರಿಕೆಗಳ ಕಟ್ಟು ಬಿಚ್ಚುತ್ತಿದ್ದೆ. ಈ ತರಗತಿಯ ಒಬ್ಬ ಹುಡುಗಿ ಸಮಾಜಶಾಸ್ತ್ರ ಬಾಯಿಪಾಠ ಮಾಡುತ್ತ ಕೂತಿದ್ದಳು. 'ಓದಲಕ ಬರ್ತದೇನ ಯವ್ವಾ?' ಎಂದು ಅವಳನ್ನೇ ಕೇಳಿದ. ಓದಿದಳು. ಒಂಬತ್ತನೆಯ ಕಾಲಮು, ಹೊಲ ಯಾರ ಹೆಸರಿನಲ್ಲಿದೆ ಎಂಬುದು: ಅಣ್ಣನ ಹೆಸರು ಒಂದೇ. ಅಪ್ಪ ತೀರಿಕೊಂಡ ಮೇಲೆ ಮೂವರ ಹೆಸರೂ ಏರಿದೆ ಎಂದು ಇವನಿಗೆ ಹೇಳಿದ್ದರಂತೆ. ಹನ್ನೊಂದನೆಯ ಕಾಲಮು, ಹಕ್ಕು ಮತ್ತು ಋಣ: ಬ್ಯಾಂಕಿನ ಸಾಲ, ಮೊತ್ತದ ಸಮೇತ. ಅವಳು ಅಂಕಿಯನ್ನು ಮೊದಲು ಅಂಕಿಯಲ್ಲಿ, ಆಮೇಲೆ ಅಕ್ಷರದಲ್ಲಿ ಓದಿದಳು, ಶಾಲೆಯಲ್ಲಿ ಕಲಿಸಿದ ಹಾಗೆ. ಅವನು ಬಹಳ ಹೊತ್ತು ಮಾತನಾಡಲಿಲ್ಲ. 'ಕಾಕಾ, ನೀರು ಕುಡೀತೀರೇನ್ರಿ?' ಎಂದು ಅವಳೇ ಎದ್ದು ಹೋಗಿ ನೀರು ತಂದಳು. ಅವನು ಅದೇ ರಾತ್ರಿ ಊರಿಗೆ ಹೊರಟ. ಸಹಾಯಕ ಆಯುಕ್ತರ ಕಚೇರಿಯಲ್ಲಿ ಮೇಲ್ಮನವಿ ಹಾಕಿದ್ದಾನೆ. ತೀರ್ಪು ಇನ್ನೂ ಬಂದಿಲ್ಲ. ಅಣ್ಣತಮ್ಮಂದಿರ ಮಾತು ನಿಂತಿದೆ. ಓದಿ ಹೇಳಿದ್ದರಿಂದ ಸಂಸಾರದಲ್ಲಿ ಸುಖವಾಯಿತೆಂದು ನಾನು ಹೇಳಲಾರೆ. ಆದರೆ ಹೊಲ ಎಲ್ಲಿದೆಯೆಂದು ಅವನಿಗೆ ತಿಳಿಯಿತು.

ಆ ಹುಡುಗಿಗೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕನ್ನಡಕ್ಕೆ ಎಷ್ಟು ಅಂಕ ಬಂದಿದ್ದವೆಂದು ಹೇಳುವುದಿಲ್ಲ, ಏಕೆಂದರೆ ಅವಳು ಮೂರನೆಯ ಸಾಲಿನಲ್ಲಿ ಕೂತು ನನ್ನನ್ನು ದುರುಗುಟ್ಟಿ ನೋಡುತ್ತಿದ್ದಾಳೆ. ಅಂದಿನಿಂದ ಭಾನುವಾರ ಬೆಳಿಗ್ಗೆ ಈ ಮೇಜಿನ ಬಳಿ ಮೂವರು ನಾಲ್ವರು ಕಾಗದ ಹಿಡಿದು ಬರುತ್ತಾರೆ: ಪಹಣಿ, ಪಡಿತರ ಚೀಟಿ, ಸೊಸೈಟಿಯ ನೋಟೀಸು, ಮಗಳ ಅತ್ತೆಮನೆಯವರು ಬರೆಸಿದ ಕರಾರುಪತ್ರ. ಓದಿ ಹೇಳುವವರು ಈ ತರಗತಿಯ ಮಕ್ಕಳೇ. 'ಪರಸೋಂ' ಕೂಡ ಬರುತ್ತಾನೆ. ತಡವಾಗಿ ಬರುತ್ತಾನೆ, ಆದರೆ ಮೋಡಿ ಅಕ್ಷರದಂಥ ಕೈಬರಹವನ್ನು ಅವನಷ್ಟು ಚೆನ್ನಾಗಿ ಬಿಡಿಸುವವರು ಬೇರೆ ಇಲ್ಲ. ತನ್ನ ಅಕ್ಷರವನ್ನೇ ಓದಿ ಅಭ್ಯಾಸವಾಗಿರಬೇಕು.

ಮಿತ್ರರೆ, ಜೂನಿನಲ್ಲಿ ನಿಮ್ಮಲ್ಲಿ ಕೆಲವರು ಇಂಟರ್‌ಮೀಡಿಯೆಟ್ ಸೇರುತ್ತೀರಿ. ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ. ಎರಡನೆಯ ಭಾಷೆಗೆ ಸಂಸ್ಕೃತ ತೆಗೆದುಕೊಳ್ಳಿ, ಅಂಕ ಸಲೀಸಾಗಿ ಬೀಳುತ್ತವೆ ಎಂದು ಅಲ್ಲಿಯವರೇ ಕೈಹಿಡಿದು ಬರೆಸುತ್ತಾರೆ. ತೆಗೆದುಕೊಳ್ಳಿ, ನಾನು ಬೇಡವೆನ್ನುವುದಿಲ್ಲ. ಅಂಕ ಯಾರಿಗೆ ಬೇಡ? ಇನ್ನು ಕೆಲವರು ಐಟಿಐಗೆ, ಒಬ್ಬಿಬ್ಬರು ಅಪ್ಪನ ಜೊತೆ ಕೆಲಸಕ್ಕೆ. ಹೇಗಿದ್ದರೂ ಈ ಸಲ ನೀವು ಬರೆದದ್ದು ನಿಮ್ಮಲ್ಲಿ ಬಹಳ ಮಂದಿಯ ಪಾಲಿಗೆ ಕೊನೆಯ ಕನ್ನಡ ಪರೀಕ್ಷೆ. ಇನ್ನು ಮೇಲೆ ಕನ್ನಡ ಓದೆಂದು ಗದರಿಸುವವರಿಲ್ಲ. ಒಂದು ವರ್ಷ ಓದದೆ ಬಿಟ್ಟರೆ ಪತ್ರಿಕೆಯ ಸಾಲು ತಡವರಿಸುತ್ತದೆ. ಮೂರು ವರ್ಷ ಬಿಟ್ಟರೆ ಬಸ್ಸಿನ ಬೋರ್ಡಿಗೆ ಬಂದು ನಿಲ್ಲುತ್ತದೆ. ಇದನ್ನು ಈ ಊರಿನಲ್ಲಿ ಹಲವರ ಮೇಲೆ ನೋಡಿದ್ದೇನೆ, ಅವರೂ ಒಳ್ಳೆಯ ಹುಡುಗರೇ.

ಆದ್ದರಿಂದ ಒಂದು ವ್ಯವಹಾರದ ಮಾತು. ಭಾನುವಾರದ ಮೇಜು ನಿಮ್ಮದೇ. ಬೆಳಿಗ್ಗೆ 10ರಿಂದ 12. ನೀವು ನಾಲ್ವರು ಸರದಿ ಹಾಕಿಕೊಂಡರೆ ಒಬ್ಬೊಬ್ಬರಿಗೆ ತಿಂಗಳಿಗೊಂದು ಸಲ ಬರುತ್ತದೆ. ಸಿನಿಮಾಕ್ಕೆ ಮೂರು ಭಾನುವಾರ ಉಳಿಯುತ್ತವೆ. ಸಂಬಳವಿಲ್ಲ. ಚಹಾ ಇದೆ. ಸರದಿಯ ಪಟ್ಟಿಯನ್ನು ಬಾಗಿಲ ಹಿಂದೆ ಅಂಟಿಸಿದ್ದೇನೆ; ಮೊದಲ ಹೆಸರನ್ನು ಆ ಮೂರನೆಯ ಸಾಲಿನವಳು ಆಗಲೇ ಬರೆದಿದ್ದಾಳೆ. ಒಂಬತ್ತನೆಯ ತರಗತಿಯವರೂ ಹಿಂದೆ ನಿಂತಿದ್ದೀರಿ. ನಿಮಗೂ ಒಂದು ಕಾಲಮು ಖಾಲಿ ಬಿಟ್ಟಿದ್ದೇನೆ.

ಗ್ರೂಪ್ ಫೋಟೋದವರು ಬಂದು ಅರ್ಧ ತಾಸಾಯಿತು. ಎತ್ತರದವರು ಹಿಂದೆ ನಿಲ್ಲಿ, ಕಣ್ಣು ಮುಚ್ಚಬೇಡಿ. ಅಂಗಿಗೆ ಶಾಯಿ ಎರಚುವುದಿದ್ದರೆ ಫೋಟೋ ಆದ ಮೇಲೆ, ಅದೂ ರಸ್ತೆಯಲ್ಲಿ. ವಾಚನಾಲಯದ ಗೋಡೆಗೆ ಸುಣ್ಣ ಹೊಡೆಸಿದ ಸಾಲ ಇನ್ನೂ ತೀರಿಲ್ಲ.