ಹರಡಿನ ಹೊರಬದಿಯ ಮೂರು ಪಟ್ಟಿಗಳು

ಮಕ್ಕಳೇ, ಶಹಾಬಾದದ ಖಣಿಗಳ ಸುತ್ತ ಒಡೆದ ಫರ್ಸಿ ಚೂರುಗಳ ಗುಡ್ಡೆ. ಬೇಸಿಗೆ ಬಂತೆಂದರೆ ಸೇಡಂ, ಚಿತ್ತಾಪುರದ ಎರೆಹೊಲಗಳಲ್ಲಿ ಬಿರುಕು. ಚಿಂಚೋಳಿ ಕಾಡಿನ ದಾರಿಯಲ್ಲೂ ಕಲ್ಲು, ತಗ್ಗು. ಇಂಥಲ್ಲಿ ಓಡುವಾಗ ಕಾಲು ಉಳುಕಿದರೆ ನೋವು ಹೆಚ್ಚಾಗಿ ಹರಡಿನ ಹೊರಬದಿಗೇ ಬರುತ್ತದಲ್ಲ, ಏಕೆ?

ಕುಳಿತು ನಿಮ್ಮ ಹರಡನ್ನು ಮುಟ್ಟಿ ನೋಡಿ. ಎರಡೂ ಬದಿ ಉಬ್ಬಿದ ಎಲುಬು ಸಿಗುತ್ತದೆ. ದೊಡ್ಡವರಲ್ಲಿ ಹೊರಗಿನದು ಒಳಗಿನದಕ್ಕಿಂತ ಸುಮಾರು 1 ಸೆಂ.ಮೀ. ಕೆಳಗಿರುತ್ತದೆ. ಅದು ಫಿಬುಲಾ ಎಂಬ ತೆಳು ಎಲುಬಿನ ತುದಿ. ಪಾದ ಹೊರಕ್ಕೆ ವಾಲದಂತೆ ಅಡ್ಡ ನಿಲ್ಲುತ್ತದೆ. ಒಳಗಿನ ಎಲುಬು ಗಿಡ್ಡ, ಅಷ್ಟು ತಡೆಯದು. ಹಾಗಾಗಿ ಅಂಗಾಲು ಒಳಕ್ಕೆ ತಿರುಗುವುದೇ ಸುಲಭ. ಆಗ ಹೊರಬದಿ ಜಗ್ಗುತ್ತದೆ.

ಅಲ್ಲಿ ಎಲುಬಿಗೆ ಎಲುಬು ಕಟ್ಟುವ ಮೂರು ಅಸ್ಥಿರಜ್ಜುಗಳಿವೆ. ಕೊಲಾಜೆನ್ ಎಂಬ ಪ್ರೋಟೀನಿನ ನಾರುಪಟ್ಟಿಗಳು. ಮೂರೂ ಹೊರಡುವುದು ಫಿಬುಲಾದಿಂದ. ನಡುವಿನದು ಹಿಮ್ಮಡದ ಎಲುಬಿಗೆ ಇಳಿಯುತ್ತದೆ; ಮುಂದಿನದು, ಹಿಂದಿನದು ಎರಡೂ ಟಾಲಸ್ ಎಂಬ ಎಲುಬನ್ನು ಹಿಡಿಯುತ್ತವೆ. ಹಿಂದಿನದು ಬಲು ಗಟ್ಟಿ, ಅದಕ್ಕೆ ಪೆಟ್ಟಾಗುವುದು ಅಪರೂಪ. ಮುಂದಿನದು ಪಾಪ, ಮೂರರಲ್ಲಿ ಬಡಕಲು. ಸಾಮಾನ್ಯವಾಗಿ ಮೊದಲು ಹರಿಯುವುದು ಅದೇ.

ತಪ್ಪು ಅದೊಂದರದೇ ಅಲ್ಲ. ಟಾಲಸ್ ಕಲ್ಲು ಸೀಳುವ ಬೆಣೆಯಂತಿದೆ: ಮುಂದೆ ಅಗಲ, ಹಿಂದೆ ಕಿರಿದು. ಪಾದ ಮೇಲೆತ್ತಿದಾಗ ಅಗಲ ಭಾಗ ಎಲುಬುಗಳ ನಡುವೆ ಬಿಗಿಯಾಗಿ ಕೂರುತ್ತದೆ. ಬೆರಳು ಕೆಳಗೆ ಚಾಚಿದಾಗ ಕಿರಿದಾದ ಭಾಗ ಅಲ್ಲಿಗೆ ಬಂದು ಕೀಲು ಸಡಿಲಾಗುತ್ತದೆ. ವಾಡಿ ಜಂಕ್ಷನ್ನಿನಲ್ಲಿ ರೈಲಿಗೆ ಓಡುತ್ತ ಕೊನೆಯ ಮೆಟ್ಟಿಲು ತಪ್ಪಿದರೆ ಪಾದ ಇರುವುದು ಹೀಗೆಯೇ. ಆಗ ಜಗ್ಗಾಟವೆಲ್ಲ ಮುಂದಿನ ಪಟ್ಟಿಯ ಮೇಲೆ.

ಈ ಪಟ್ಟಿಗಳಿಗೆ ಇನ್ನೊಂದು ಕೆಲಸವೂ ಇದೆ. ಗೋಡೆಯ ಪಕ್ಕ ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಲ್ಲಿ. ಹರಡು ಸಣ್ಣಗೆ ಆಡುತ್ತಲೇ ಇರುತ್ತದೆ! ಪಾದ ಯಾವ ಕಡೆ ವಾಲುತ್ತಿದೆ ಎಂದು ಪಟ್ಟಿಗಳೊಳಗಿನ ನರತುದಿಗಳೂ ಮಿದುಳಿಗೆ ತಿಳಿಸುತ್ತವೆ. ಒಮ್ಮೆ ಉಳುಕಿದ ಕಾಲಲ್ಲಿ ಈ ಸುದ್ದಿ ಮಂಕಾಗಬಹುದು. ಅದೇ ಕಾಲು ಮತ್ತೆ ಮತ್ತೆ ಉಳುಕಲು ಇದೂ ಒಂದು ಕಾರಣ.

ನಿಮ್ಮ ವಯಸ್ಸಿನಲ್ಲಿ ಫಿಬುಲಾದ ತುದಿಯ ಹತ್ತಿರ ಎಲುಬು ಬೆಳೆಯುವ ಮೆದು ಪದರವಿರುತ್ತದೆ. ಕೆಲವೊಮ್ಮೆ ಪಟ್ಟಿ ಉಳಿದು ಪದರಕ್ಕೇ ಪೆಟ್ಟಾಗುತ್ತದೆ. ಉಬ್ಬಿದ ಎಲುಬನ್ನೇ ಒತ್ತಿದಾಗ ನೋವಾದರೆ, ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಉಳುಕು ತೆಗೆಸಲು ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳಬೇಡಿ, ಡಾಕ್ಟರಿಗೆ ತೋರಿಸಿ.